ಮಗು ಕೈತಪ್ಪುವ ಮೊದಲು: ಗಡಿನಾಡಿನ ಎಲ್‌.ಪಿ. ಶಾಲೆಯವರಿಗೆ ಒಂದು ಕೈಪಿಡಿ

ನಮ್ಮ ಶಾಲೆಯಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗ ಸೋಮವಾರ ಬರುತ್ತಿರಲಿಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ತಪ್ಪದೆ ಬರುತ್ತಿದ್ದ. ಆರು ಸೋಮವಾರ ಹೀಗೇ ಕಳೆಯಿತು. ಅವನ ಕ್ಲಾಸ್ ಟೀಚರ್ ನಾನೇ. ಆದರೂ ಇದು ನನ್ನ ಕಣ್ಣಿಗೆ ಬಿದ್ದದ್ದು ಏಳನೇ ವಾರ. ಅದೂ ತಪಾಸಣೆಗೆ ಬರುತ್ತಾರೆಂದು ಹಾಜರಿ ಲೆಕ್ಕ ಕೂಡಿಸಲು ಕುಳಿತಾಗ.

"ಭಾನುವಾರ ಆಟ ಜಾಸ್ತಿ ಆಗಿರಬೇಕು" ಎಂದು ಸ್ಟಾಫ್ ರೂಮಿನಲ್ಲಿ ನಕ್ಕೆವು. ಮನೆಗೆ ಹೋಗಿ ನೋಡಿದ ಮೇಲೆ ನಗು ಬರಲಿಲ್ಲ. ಅವನ ಅಕ್ಕ ಹಾಸಿಗೆ ಬಿಟ್ಟು ಏಳಲಾಗದ ಮಗು. ಅಮ್ಮ ಬೀಡಿ ಕಟ್ಟುವವರು. ಸೋಮವಾರ ಬೆಳಿಗ್ಗೆ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರಬೇಕು. ಅಷ್ಟು ಹೊತ್ತು ಅಕ್ಕನ ಹತ್ತಿರ ಕೂರಲು ಈ ಎಂಟು ವರ್ಷದ ಹುಡುಗನನ್ನು ಬಿಟ್ಟರೆ ಮನೆಯಲ್ಲಿ ಬೇರೆ ಜನ ಇಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ಕನ್ನಡ ಎಲ್‌.ಪಿ. (ಒಂದರಿಂದ ನಾಲ್ಕನೇ ಕ್ಲಾಸಿನ) ಶಾಲೆಗಳ ಟೀಚರುಗಳಿಗೆ, ಪಿ.ಟಿ.ಎ.ಯವರಿಗೆ (ರಕ್ಷಕ-ಶಿಕ್ಷಕ ಸಂಘದವರಿಗೆ), ಶಾಲೆಯ ನೆರೆಕರೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಟೀಚರುಗಳು ಮೂರೇ ಜನ, ಅದರಲ್ಲಿ ಒಬ್ಬರು ದಿನಗೂಲಿ ಲೆಕ್ಕದವರು. ಎಚ್‌.ಎಂ.ಗೆ (ಮುಖ್ಯ ಟೀಚರಿಗೆ) ಕ್ಲಾಸಿಗಿಂತ ಕಾಗದದ ಕೆಲಸವೇ ಜಾಸ್ತಿ. ಅಂಥ ಶಾಲೆಯಲ್ಲೂ ಆಗುವಷ್ಟನ್ನು ಮಾತ್ರ ಹೇಳುತ್ತೇನೆ. ಬೇಕಾದದ್ದು ಒಂದು ನೋಟ್‌ಬುಕ್ಕು, ವಾರದಲ್ಲಿ ಒಂದೆರಡು ಸಂಜೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೇರಳದಲ್ಲಿ ಮಕ್ಕಳು ಶಾಲೆಗೆ ಸೇರುವುದೇ ಇಲ್ಲ ಎಂಬ ಸಮಸ್ಯೆ ಕಡಿಮೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಟೀಚರ್ ಹುದ್ದೆ ನಿಲ್ಲುವುದು ಆ ಲೆಕ್ಕದ ಮೇಲೆ. ಅಲ್ಲಿಯವರೆಗೆ ಒಂದೊಂದು ಮಗುವನ್ನೂ ಮನೆಯಿಂದ ಕೈಹಿಡಿದು ಕರೆತರುತ್ತೇವೆ. ಏಳನೇ ದಿನದಿಂದ ಆ ಹುರುಪು ಎಲ್ಲಿಗೆ ಹೋಗುತ್ತದೋ! (ಬೇಸರ ಬೇಡ, ನಾನೂ ಅದೇ ಪೈಕಿ.) ಆಮೇಲೆ ಹೆಸರು 'ಸಂಪೂರ್ಣ'ದಲ್ಲಿ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ) ಇರುತ್ತದೆ, ಮಗು ಬೆಂಚಿನಲ್ಲಿ ಇದ್ದರೆ ಇತ್ತು. ನಾಲ್ಕನೇ ಕ್ಲಾಸು ದಾಟಿದರೂ ಎರಡು ಸಾಲು ಓದಲು ಬಾರದ ಮಕ್ಕಳು ಹೀಗೇ ಉಳಿದುಹೋಗುತ್ತಾರೆ.

1. ಹಾಜರಿ ಪುಸ್ತಕವನ್ನು ಎಡದಿಂದ ಬಲಕ್ಕೆ ಓದಿ

ದಿನಾ ನಾವು ಹೆಸರು ಕೂಗುವುದು ಮೇಲಿಂದ ಕೆಳಕ್ಕೆ. ಇವತ್ತು ಯಾರು ಬಂದಿಲ್ಲ ಎಂಬುದಷ್ಟೇ ಅದರಲ್ಲಿ ಕಾಣುತ್ತದೆ. ತಿಂಗಳ ಕೊನೆಗೆ ಒಮ್ಮೆ ಒಂದೊಂದು ಮಗುವಿನ ಸಾಲನ್ನು ಅಡ್ಡಕ್ಕೆ ಓದಿ. ಎಷ್ಟು ದಿನ ಗೈರು ಎಂದು ಎಣಿಸಿದರೆ ಸಾಲದು. ಯಾವ ದಿನ ಗೈರು ಎಂದು ನೋಡಬೇಕು.

ಜೋರು ಮಳೆ ಬಂದ ಮಾರನೇ ದಿನ ಮಾತ್ರ ಗೈರಾದರೆ ದಾರಿಯಲ್ಲಿ ತೋಡು (ಸಣ್ಣ ಹೊಳೆ) ಇರಬಹುದು, ಸಂಕ (ಕಾಲುಸೇತುವೆ) ಮುಳುಗಿರಬಹುದು. ಮಾರ್ಚ್ ತಿಂಗಳಲ್ಲಿ ವಾರಗಟ್ಟಲೆ ಕಾಣದಿದ್ದರೆ ಗೇರುಬೀಜ ಹೆಕ್ಕಲು ಗುಡ್ಡೆಗೆ ಹೋಗಿರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪದೇ ಪದೇ ಜ್ವರ ಎಂದರೆ ಮನೆಯ ಅಕ್ಕಿ ಡಬ್ಬ ನೆನಪಿಸಿಕೊಳ್ಳಿ. ಕೂಲಿ ಕೆಲಸ ನಿಲ್ಲುವ ಕಾಲ ಅದು. ಕೋಲ, ನೇಮ, ಉರೂಸಿನ ಮಾರನೇ ದಿನದ ಗೈರಿಗೆ ತಲೆ ಕೆಡಿಸಿಕೊಳ್ಳಬೇಡಿ, ನಾವೂ ಹಾಗೇ ಬೆಳೆದವರಲ್ವಾ.

ಪುಸ್ತಕದಲ್ಲಿ ಕಾಣದ ಗುರುತುಗಳೂ ಇವೆ. ಊಟ ಆದ ಮೇಲೆ ಮೆಲ್ಲನೆ ಜಾರಿಕೊಳ್ಳುವ ಮಗು. ಸೋಮವಾರ ಮೂರು ಸಲ ಅನ್ನ ಹಾಕಿಸಿಕೊಳ್ಳುವ ಮಗು. ಬೋರ್ಡು ನೋಡದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗು. ಮೊದಲು ವಟಗುಟ್ಟುತ್ತಿದ್ದು ಈಗ ಮಾತೇ ಆಡದ ಮಗು.

2. ಐದು ಮಕ್ಕಳನ್ನು ಆರಿಸಿ, ಐವತ್ತನ್ನಲ್ಲ

ಎಲ್ಲರಿಗೂ ಸಹಾಯ ಮಾಡುತ್ತೇವೆ ಎಂದು ಹೊರಟ ಶಾಲೆಗಳು ಓಣಂ ಪರೀಕ್ಷೆಗೆ ಮೊದಲೇ ಸುಸ್ತಾಗುವುದನ್ನು ನೋಡಿದ್ದೇನೆ. ಸಣ್ಣ ಶಾಲೆಯಾದರೆ ಒಂದು ವರ್ಷಕ್ಕೆ ಐದು ಮಕ್ಕಳು ಸಾಕು. ಒಂದು ಮಗುವಿಗೆ ಒಬ್ಬರು ದೊಡ್ಡವರು. ಅವರು ಟೀಚರೇ ಆಗಬೇಕೆಂದಿಲ್ಲ. ನಮ್ಮಲ್ಲಿ ಬಿಸಿಯೂಟದ ಅಕ್ಕ ಒಂದು ಮಗುವನ್ನು ನೋಡಿಕೊಂಡರು, ನಮಗಿಂತ ಚೆನ್ನಾಗಿ. ಯಾವ ಮಗು ಹಸಿದು ಬಂದಿದೆ, ಯಾರ ಮನೆಯಲ್ಲಿ ರಾತ್ರಿ ಗಲಾಟೆ ಆಗಿದೆ, ಇದೆಲ್ಲ ಅವರಿಗೆ ಗಂಟೆ ಹೊಡೆಯುವ ಮೊದಲೇ ಗೊತ್ತಿರುತ್ತದೆ.

ಆ ದೊಡ್ಡವರ ಕೆಲಸ ದೊಡ್ಡದೇನಲ್ಲ. ದಿನಾ ಬೆಳಿಗ್ಗೆ ಮಗುವಿನ ಹೆಸರು ಹಿಡಿದು ಒಂದು ಮಾತಾಡುವುದು. ಬಾರದಿದ್ದರೆ ಅದೇ ದಿನ ವಿಚಾರಿಸುವುದು. ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುವುದು. ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ. "ಸೋಮಾರಿ" ಎಂದು ಬರೆಯಬೇಡಿ. "ಈ ವಾರ ಮೂರು ದಿನ ಹತ್ತೂಮುಕ್ಕಾಲಿಗೆ ಬಂದ" ಎಂದು ಬರೆಯಿರಿ. ಪುಸ್ತಕ ಎಚ್‌.ಎಂ. ಕಪಾಟಿನಲ್ಲಿ ಬೀಗದೊಳಗೆ ಇರಲಿ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಒಂದು ವರ್ಷ "ಹಿಂದುಳಿದವರು" ಎಂದು ನಾಲ್ಕು ಹೆಸರು ಬರೆದು ಗೋಡೆಗೆ ಅಂಟಿಸಿದ್ದೆ. ವಿಶೇಷ ಕ್ಲಾಸಿಗೆ ಯಾರು ನಿಲ್ಲಬೇಕೆಂದು ಗೊತ್ತಾಗಲಿ ಎಂಬ ಲೆಕ್ಕಾಚಾರ. ಆ ನಾಲ್ಕರಲ್ಲಿ ಒಬ್ಬಳು ಮಾರನೇ ದಿನದಿಂದ ಬರಲಿಲ್ಲ. ತಿರುಗಿ ಕರೆತರಲು ಒಂದೂವರೆ ತಿಂಗಳು ಬೇಕಾಯಿತು.

3. ಮನೆಗೆ ಹೋಗಿ, ಆದರೆ ಕಾಗದ ಹಿಡಿದು ಹೋಗಬೇಡಿ

ಸಂಜೆ ಐದರ ಮೇಲೆ ಹೋಗಿ, ಕೂಲಿ ಮುಗಿಸಿ ಬಂದಿರುತ್ತಾರೆ. ಹೆಚ್ಚೆಂದರೆ ಇಬ್ಬರು ಹೋಗಿ. ಎಚ್‌.ಎಂ., ಪಿ.ಟಿ.ಎ. ಅಧ್ಯಕ್ಷರು, ವಾರ್ಡ್ ಮೆಂಬರ್ ಎಲ್ಲ ಒಟ್ಟಿಗೆ ಅಂಗಳಕ್ಕೆ ಇಳಿದರೆ ಮನೆಯವರಿಗೆ ಅದು ಪೊಲೀಸರು ಬಂದ ಹಾಗೆ. ಫೋಟೋ ತೆಗೆಯಲೇಬೇಡಿ.

ಮನೆ ಭಾಷೆಯಲ್ಲಿ ಮಾತಾಡಿ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಯಾವುದಾದರೂ ಸರಿ. ನಿಮಗೆ ಬಾರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಳ್ಳಿ. "ಯಾಕೆ ಕಳಿಸುವುದಿಲ್ಲ?" ಎಂದು ಶುರುಮಾಡಿದರೆ "ಜ್ವರ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಬೆಳಿಗ್ಗೆ ಹೊರಡುವಾಗ ಏನು ಕಷ್ಟ ಆಗ್ತದೆ ಅಕ್ಕ?" ಎಂದು ಕೇಳಿ. ಉಮ್ಮನೋ ಅಜ್ಜಿಯೋ ಇದ್ದರೆ ಅವರ ಹತ್ತಿರವೇ ಕುಳಿತು ಕೇಳಿ. ಮನೆಯ ನಿಜವಾದ ವೇಳಾಪಟ್ಟಿ ಗೊತ್ತಿರುವುದು ಅವರಿಗೆ.

ಬೆಲ್ಲ ನೀರು ಕೊಟ್ಟರೆ ಕುಡಿಯಿರಿ. ಕೊರಗರ (ಇಲ್ಲಿಯ ಒಂದು ಬುಡಕಟ್ಟು) ಮನೆಗೆ ಹೋದಾಗ ಇದನ್ನು ಮರೆಯಲೇಬಾರದು. ತಮ್ಮ ಕೈಯ ನೀರನ್ನು ಯಾರು ಕುಡಿಯುವುದಿಲ್ಲ ಎಂಬುದು ಆ ಮನೆಯವರಿಗೆ ತಲೆತಲಾಂತರದಿಂದ ಗೊತ್ತು. ಮಕ್ಕಳೂ ನೋಡುತ್ತಿರುತ್ತಾರೆ. ಇನ್ನೊಂದು ಸಣ್ಣ ಮಾತು: ಅವರಿರುವ ಜಾಗವನ್ನು ಕ್ಲಾಸಿನಲ್ಲಿ "ಕಾಲನಿ" ಎನ್ನುವುದನ್ನು ಬಿಡಿ. 2024ರಲ್ಲಿ ಕೇರಳ ಸರ್ಕಾರವೇ ಆ ಪದವನ್ನು ಬಿಡಲು ಹೇಳಿದೆ. ಊರಿನ ಹೆಸರು ಹೇಳಿದರೆ ಸಾಕು.

ವಾಪಸ್ ಬರುವಾಗ ಮಗು ನಡೆಯುವ ದಾರಿಯಲ್ಲೇ ನಡೆದು ಬನ್ನಿ. ಹಾಗೆ ಬಂದರೆ ನಾಯಿ, ತೋಡು, ಅಡಿಕೆ ಮರದ ಸಂಕ, ಲಾರಿ ಓಡಾಡುವ ಕಲ್ಲು ಕೋರೆ ರಸ್ತೆ ಎಲ್ಲ ಎದುರಾಗುತ್ತವೆ.

4. ಒಂದು ಗಂಟನ್ನು ಮಾತ್ರ ಬಿಡಿಸಿ

ಮನೆಯ ಬಡತನ ನಮ್ಮಿಂದ ಹೋಗುವುದಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಯಾರು ಕೂರುತ್ತಾರೆ ಎಂಬುದಕ್ಕೆ ಉತ್ತರ ಹುಡುಕಬಹುದು. ನಮ್ಮ ಹುಡುಗನ ವಿಷಯದಲ್ಲಿ ಕುಟುಂಬಶ್ರೀಯ ಅಯಲ್‌ಕೂಟದಲ್ಲಿ (ಹೆಂಗಸರ ನೆರೆಕರೆ ಸಂಘದಲ್ಲಿ) ಮಾತೆತ್ತಿದೆವು. ಪಕ್ಕದ ಮನೆಯ ಒಬ್ಬ ಅಜ್ಜಿ ಎಲೆ ಕತ್ತರಿಸುವ ಕೆಲಸವನ್ನು ಅಲ್ಲೇ ಕುಳಿತು ಮಾಡಲು ಒಪ್ಪಿದರು. ಒಂದು ರೂಪಾಯಿ ಖರ್ಚಾಗಲಿಲ್ಲ. ಮೊದಲ ಎರಡು ವಾರ ಅವನು ಹತ್ತೂವರೆಗೆ ಬಂದ, ಬಂದದ್ದೇ ದೊಡ್ಡದೆಂದು ಸುಮ್ಮನಿದ್ದೆವು.

ನಮ್ಮ ಜಿಲ್ಲೆಯಲ್ಲಿ ಹಾಸಿಗೆ ಹಿಡಿದ ಮಗು ಇರುವ ಇಂಥ ಮನೆಗಳು ಬೇರೆ ಕಡೆಗಿಂತ ಜಾಸ್ತಿ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು 2000ದವರೆಗೂ ನಡೆಯಿತು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಹಾಸಿಗೆ ಹಿಡಿದ ಮಕ್ಕಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅವರ ತಮ್ಮ ತಂಗಿಯರನ್ನು ನಾವು ಗಮನಿಸಿದ್ದು ಕಡಿಮೆ. ಅಮ್ಮ ಬಟ್ಟೆ ಒಗೆಯಲು ತೋಡಿಗೆ ಹೋದರೆ ಮನೆಯಲ್ಲಿ ನಿಲ್ಲುವುದು ಅವರೇ. ಹಾಸಿಗೆ ಹಿಡಿದ ಮಗು ಶಾಲೆಯ ವಯಸ್ಸಿನದಾದರೆ ಬಿ.ಆರ್‌.ಸಿ.ಯ (ಬ್ಲಾಕ್ ಮಟ್ಟದ ಶಿಕ್ಷಣ ಕೇಂದ್ರದ) ವಿಶೇಷ ಶಿಕ್ಷಕರು ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ. ಹತ್ತಿರ ಬಡ್ಸ್ ಶಾಲೆ (ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳ ಶಾಲೆ) ಇದ್ದರೆ, ಮಗುವನ್ನು ಕರೆದುಕೊಂಡು ಹೋಗಲು ಆಗುವಂತಿದ್ದರೆ, ಹಗಲು ಅಲ್ಲಿ ನೋಡಿಕೊಳ್ಳುತ್ತಾರೆ. ಒಂದು ಮಗುವಿಗೆ ಈ ವ್ಯವಸ್ಥೆ ಆದರೆ ಇನ್ನೊಂದು ಮಗು ಶಾಲೆಗೆ ಬರುತ್ತದೆ.

ಉಳಿದ ಗಂಟುಗಳನ್ನು ಬೇಗ ಹೇಳಿ ಮುಗಿಸುತ್ತೇನೆ.

ಪರಿಶಿಷ್ಟ ಪಂಗಡದ ಮಗುವಿಗೆ ದೂರ ತೊಂದರೆಯಾದರೆ 'ವಿದ್ಯಾವಾಹಿನಿ' ಯೋಜನೆಯಲ್ಲಿ ವಾಹನ ಕೇಳಬಹುದು. ಎಸ್‌.ಟಿ. ಪ್ರೊಮೋಟರ್‌ (ಪಂಗಡದ ಮನೆಗಳಿಗೂ ಇಲಾಖೆಗೂ ನಡುವಿನ ಕೊಂಡಿ) ಹತ್ತಿರ ಮೊದಲು ಮಾತಾಡಿ. ಬೀಡಿ ಕಟ್ಟುವವರ ಹತ್ತಿರ ಬೀಡಿ ಕಾರ್ಡು ಇದ್ದರೆ ಕೇಂದ್ರದ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಒಂದನೇ ಕ್ಲಾಸಿನಿಂದಲೇ ಇದೆ. ಅರ್ಜಿ ಆನ್‌ಲೈನ್‌ನಲ್ಲಿ. ಅಮ್ಮಂದಿರನ್ನು ಅಕ್ಷಯ ಕೇಂದ್ರಕ್ಕೆ "ಹೋಗಿ ಬನ್ನಿ" ಎಂದು ಕಳಿಸಿದರೆ ಅರ್ಧ ಜನ ಹೋಗುವುದಿಲ್ಲ. ಒಂದು ಶನಿವಾರ ಶಾಲೆಯಲ್ಲೇ ಕೂತು ಎಲ್ಲರದ್ದೂ ಒಟ್ಟಿಗೆ ತುಂಬಿಸಿ.

ಮುರಕಲ್ಲಿನ ಕೋರೆಗೆ ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ ಬಂದವರ ಮಕ್ಕಳ ಹತ್ತಿರ ಟಿ.ಸಿ. ಇರುವುದಿಲ್ಲ, ಜನನ ಪತ್ರ ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇವೆರಡೂ ಇಲ್ಲವೆಂದು ಮಗುವನ್ನು ಸೇರಿಸದೆ ಇರುವಂತಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಬೇಕು, ವಯಸ್ಸಿಗೆ ಸರಿಯಾದ ಕ್ಲಾಸಿಗೇ ಸೇರಿಸಬೇಕು. ಬಿಟ್ಟುಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡುವುದೂ ಅದೇ ಕಾಯ್ದೆಯ ಮಾತು. ವಿಜಯಪುರ ಕಡೆಯ ಮಗು ನಮ್ಮ ಕನ್ನಡ ಶಾಲೆಗೆ ಬಂದರೆ ಅದಕ್ಕೊಂದು ಅನುಕೂಲ ಉಂಟು, ಭಾಷೆ ಗೊತ್ತು. ನಮ್ಮ ಮಕ್ಕಳಿಗೆ ಅದರ ಉಚ್ಚಾರ ತಮಾಷೆ ಅನಿಸುತ್ತದೆ. ಅದನ್ನು ಮೊದಲ ದಿನವೇ ತಡೆಯಿರಿ.

5. ಓದು: ಮನೆ ಮಾತಿನಿಂದ ಶುರುಮಾಡಿ

ಒಂದನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ "ಇಲ್ಲ" ಎಂದು ಬರೆದಿದ್ದೆ. ಅರ್ಥ ಕೇಳಿದರೆ ಒಬ್ಬಳು "ಮನೆ" ಎಂದಳು. ಅವಳು ತಪ್ಪು ಹೇಳಿರಲಿಲ್ಲ. ತುಳುವಿನಲ್ಲಿ ಇಲ್ಲ್ ಅಂದರೆ ಮನೆಯೇ. "ಬಲೆ" ಎಂದರೆ ಮೀನಿನ ಬಲೆ ಎಂದು ಪಾಠ ಹೇಳುತ್ತದೆ, ಅವಳ ಮನೆಯಲ್ಲಿ "ಬಲೆ" ಎಂದರೆ "ಬನ್ನಿ". ಕನ್ನಡ ಮಾಧ್ಯಮದ ಶಾಲೆ ಎಂದ ಮಾತ್ರಕ್ಕೆ ಮಕ್ಕಳ ಮನೆಯಲ್ಲಿ ಕನ್ನಡ ಇರುತ್ತದೆ ಎಂದುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಕೆಲವರಿಗೆ ಕನ್ನಡ ಮೂರನೇ ಭಾಷೆ. ಆ ಮಗು ಅಕ್ಷರ ಕಲಿಯುವುದರ ಜೊತೆಗೆ ಭಾಷೆಯನ್ನೂ ಕಲಿಯಬೇಕು, ನಾವು ಅದನ್ನು ದಡ್ಡ ಎನ್ನುತ್ತೇವೆ.

ಹಾಗಾಗಿ ಮೊದಲ ಮೂರು ತಿಂಗಳು ಮನೆ ಮಾತನ್ನು ಕ್ಲಾಸಿನೊಳಗೆ ಬಿಡಿ. ಚಿತ್ರ ತೋರಿಸಿ, ಎಲ್ಲರ ಮನೆಯ ಹೆಸರನ್ನೂ ಕೇಳಿ. ತುಳುವಿನ ಮಗು "ಪಿಲಿ" ಎನ್ನುತ್ತದೆ, ಮಲಯಾಳದ ಮಗು "ಪುಲಿ" ಎನ್ನುತ್ತದೆ, ಬೋರ್ಡಿನಲ್ಲಿ "ಹುಲಿ". ಪೂ, ಪೂವು, ಹೂವು. ಮಲಯಾಳದ ಪಾಲು ಇಲ್ಲಿ ಹಾಲು, ಪಲ್ಲು ಇಲ್ಲಿ ಹಲ್ಲು. ನಾಲ್ಕೈದು ಪದ ಆದಾಗ ಮಕ್ಕಳೇ ಹಿಡಿಯುತ್ತಾರೆ, "ಟೀಚರೇ, ಪ ಹೋಗಿ ಹ ಬರ್ತದೆ!" ಎಂದು. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ, ಹೊಂದದ್ದನ್ನು ಹುಡುಕುವುದೂ ಆಟವೇ.

ಎರಡನೆಯದು, ಮಗುವಿನ ಮಾತನ್ನೇ ಪಾಠ ಮಾಡಿ. "ನಮ್ಮ ಕೋಳಿಯನ್ನು ಮುಂಗುಸಿ ಹಿಡಿಯಿತು" ಎಂದು ಮಗು ಹೇಳಿದರೆ ಹಾಗೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಆ ಸಾಲನ್ನು ಓದಲು ಅದಕ್ಕೆ ಯಾರ ಒತ್ತಾಯವೂ ಬೇಡ. ಹಳೇ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ಒಳ್ಳೆಯದು.

ಮೂರನೆಯದು, ಕ್ಲಾಸು ಮರೆತು ಮಟ್ಟ ನೋಡಿ. ಅಕ್ಷರ, ಪದ, ನಾಲ್ಕು ಸಾಲಿನ ಪ್ಯಾರಾ, ಸಣ್ಣ ಕಥೆ. ಒಂದೊಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಎಲ್ಲಿಯವರೆಗೆ ಓದುತ್ತದೆ ನೋಡಿ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮಾಡುವ ಅಸರ್ ಸಮೀಕ್ಷೆಯಲ್ಲಿ ಓದು ನೋಡುವುದು ಹೀಗೆಯೇ. ಒಂದು ಮಗುವಿಗೆ ಐದು ನಿಮಿಷ ಸಾಕು. ಆಮೇಲೆ ಎರಡರಿಂದ ನಾಲ್ಕನೇ ಕ್ಲಾಸಿನವರೆಗಿನ ಮಕ್ಕಳನ್ನು ದಿನಕ್ಕೆ ಅರ್ಧ ಗಂಟೆ ಮಟ್ಟದ ಪ್ರಕಾರ ಕೂರಿಸಿ. ಸಣ್ಣ ಶಾಲೆಗೆ ಇದೊಂದು ಲಾಭ, ಎಲ್ಲರೂ ಒಂದೇ ಹಾಲ್‌ನಲ್ಲಿ ಇರುತ್ತಾರೆ. ಒತ್ತಕ್ಷರಕ್ಕೆ ಅವಸರ ಬೇಡ. ಪದ ಓಡಲು ಶುರುವಾದ ಮೇಲೆ ಒತ್ತಕ್ಷರ ತಾನಾಗಿ ಹತ್ತಿರ ಬರುತ್ತದೆ.

ಇಲ್ಲಿ ಒಂದು ಸಂಕಟ ಹೇಳದೆ ಮುಂದೆ ಹೋಗಲಾರೆ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಓದಲು ಬಾರದ ಟೀಚರು ನೇಮಕವಾಗಿ ಬರುವುದು ಗಡಿನಾಡಿನವರಿಗೆ ಹೊಸತಲ್ಲ. ಬಂದವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅವರಿಗೂ ಅದು ಹಿಂಸೆ. ಪಿ.ಟಿ.ಎ. ಬರಹದಲ್ಲಿ ದೂರು ಕೊಡಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕು ಎನ್ನುವ ಸಂವಿಧಾನದ 350ಎ ವಿಧಿಯನ್ನು ಅದರಲ್ಲಿ ಹೆಸರಿಸಿ. ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲೇ ಸೇರಿದ ವಿಧಿ ಅದು, ನಮ್ಮಂಥವರಿಗಾಗಿಯೇ. ಉತ್ತರ ಬರುವ ತನಕ ಕಾಯಬೇಡಿ. ಓದಿನ ಅರ್ಧ ಗಂಟೆಯನ್ನು ಊರಿನ ನಿವೃತ್ತ ಮಾಷ್ಟ್ರು, ಲೈಬ್ರರಿಯವರು, ಡಿ.ಎಲ್‌.ಎಡ್ (ಟೀಚರ್ ತರಬೇತಿ) ಮಾಡಿ ಮನೆಯಲ್ಲಿರುವ ಹುಡುಗಿಯರು ನಡೆಸಬಹುದು.

6. ಹೊಟ್ಟೆ, ಕಣ್ಣು, ಕಿವಿ

ಮಧ್ಯಾಹ್ನದ ಊಟ ನಮ್ಮಲ್ಲಿ ಚೆನ್ನಾಗಿದೆ. ವಾರಕ್ಕೆ ಎರಡು ಸಲ ಹಾಲು, ಒಂದು ಮೊಟ್ಟೆ ಉಂಟು. ಕಷ್ಟ ಇರುವುದು ಬೆಳಿಗ್ಗೆ. ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಹತ್ತು ಗಂಟೆಯ ಗಣಿತ ಹತ್ತುವುದಿಲ್ಲ. ಪಂಚಾಯತಿನಿಂದ ತಿಂಡಿ ಸಿಗುವ ಶಾಲೆಯಾದರೆ ಒಳ್ಳೆಯದು. ಇಲ್ಲದಿದ್ದರೆ ಹಳೇ ವಿದ್ಯಾರ್ಥಿಗಳ ಹತ್ತಿರ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಕೇಳಿ. ಕೊಡುವುದಾದರೆ ಎಲ್ಲರಿಗೂ ಕೊಡಿ, "ಬಡವರ ಮಕ್ಕಳಿಗೆ" ಎಂದು ಬೇರೆ ಕರೆಯಬೇಡಿ.

ಬೋರ್ಡು ಕಾಣದ ಮಗುವನ್ನು, ಎರಡು ಸಲ ಕರೆದರೂ ತಿರುಗದ ಮಗುವನ್ನು ಓದಿನ ಪಟ್ಟಿಗೆ ಹಾಕುವ ಮೊದಲು ಶಾಲೆಗೆ ಬರುವ ನರ್ಸಿಗೆ ತೋರಿಸಿ. ಕನ್ನಡಕ ಹಾಕಿದ ಮಾರನೇ ವಾರ "ಹಿಂದುಳಿದ" ಹುಡುಗಿ ಮುಂದೆ ಬಂದದ್ದನ್ನು ಎರಡು ಸಲ ಕಂಡಿದ್ದೇನೆ.

7. ಭಯದ ವಿಷಯವಾದರೆ ಅದೇ ದಿನ

ಮೈಮೇಲೆ ಏಟಿನ ಗುರುತು, ಒಬ್ಬ ವ್ಯಕ್ತಿಯ ಹೆಸರು ಬಂದರೆ ಹೆದರುವುದು, ಮನೆಗೆ ಹೋಗಲು ಒಪ್ಪದಿರುವುದು. ಇವು ಕಂಡರೆ ತಿಂಗಳ ಕೊನೆಯ ತನಕ ಕಾಯುವಂತಿಲ್ಲ.

ಮಗು "ಯಾರಿಗೂ ಹೇಳಬೇಡಿ ಟೀಚರ್" ಎಂದರೆ ಹೂಂ ಎನ್ನಬೇಡಿ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿ. ಕೇಳಿಸಿಕೊಳ್ಳಿ, ಕೆದಕಬೇಡಿ. ಹತ್ತು ಜನ ಹತ್ತು ಸಲ ಕೇಳಿದರೆ ಮಗು ಮಾತೇ ನಿಲ್ಲಿಸುತ್ತದೆ. ಅದು ಹೇಳಿದ ಮಾತನ್ನು ಅದರ ಮಾತಿನಲ್ಲೇ, ತುಳುವಾದರೆ ತುಳುವಿನಲ್ಲೇ, ತಾರೀಖು ಹಾಕಿ ಬರೆದಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ. ಲೈಂಗಿಕ ಕಿರುಕುಳದ ಅನುಮಾನ ಬಂದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದವರ ಕರ್ತವ್ಯ. ತಿಳಿಸದಿದ್ದರೆ ಅದೂ ಅಪರಾಧ. ಎಚ್‌.ಎಂ.ಗೆ ಹೇಳಿ, ಆದರೆ ಅವರ ಒಪ್ಪಿಗೆಗೆ ಕಾಯಬೇಕಾಗಿಲ್ಲ. "ಊರಿನ ನಾಲ್ಕು ಜನ ಕೂತು ಮುಗಿಸುವ" ಎಂಬ ಮಾತು ಖಂಡಿತ ಬರುತ್ತದೆ. ಆ ಚಾವಡಿಗೆ ಹೋಗಲೇಬೇಡಿ. ಮಗುವಿನ ಹೆಸರು ಪಿ.ಟಿ.ಎ. ವಾಟ್ಸಾಪ್ ಗ್ರೂಪಿಗೆ ಬರದಂತೆ ನೋಡಿಕೊಳ್ಳಿ.

ಹೊಡೆಯುತ್ತಿರುವುದು ಟೀಚರೇ ಆದರೆ? ಏಟೂ ಅವಮಾನವೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷಿದ್ಧ. ಜೊತೆಗೆ ಕೆಲಸ ಮಾಡುವವರೆಂದು ಮುಚ್ಚಿಡುವುದು ನಮ್ಮ ಹಳೇ ರೋಗ.

8. ಮಗುವನ್ನು ಕೈಯಿಂದ ಕೈಗೆ ದಾಟಿಸಿ

ಎಲ್‌.ಪಿ. ಮುಗಿಯುವುದು ನಾಲ್ಕಕ್ಕೆ. ಐದಕ್ಕೆ ಬೇರೆ ಶಾಲೆ, ಕೆಲವರಿಗೆ ಬೇರೆ ಮಾಧ್ಯಮ, ಬಸ್ಸು, ಗುರುತಿಲ್ಲದ ಟೀಚರು. ನಾಲ್ಕು ವರ್ಷ ಕಾಪಾಡಿದ ಮಗು ಇಲ್ಲೇ ಜಾರುತ್ತದೆ. ನಾವು ಕೊಡುವ ಟಿ.ಸಿ.ಯಲ್ಲಿ ಹುಟ್ಟಿದ ದಿನ, ಜಾತಿ ಎಲ್ಲ ಇರುತ್ತದೆ, ಮಗುವಿನ ಬಗ್ಗೆ ಏನೂ ಇರುವುದಿಲ್ಲ.

ಮಾರ್ಚ್‌ನಲ್ಲಿ ಆ ಐದು ಮಕ್ಕಳನ್ನು ಒಂದು ದಿನ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗೆ ಕರೆದುಕೊಂಡು ಹೋಗಿ. ಶೌಚಾಲಯ ಎಲ್ಲಿ, ಊಟಕ್ಕೆ ಎಲ್ಲಿ ಕೂರುವುದು, ಬಸ್ಸು ಎಲ್ಲಿ ನಿಲ್ಲುತ್ತದೆ ತೋರಿಸಿ. ಜೂನ್‌ನಲ್ಲಿ ಅಲ್ಲಿಯ ಕ್ಲಾಸ್ ಟೀಚರಿಗೆ ಒಂದು ಚೀಟಿ ಕೈಯಲ್ಲೇ ಕೊಡಿ. ಮನೆಯ ಗುಟ್ಟು ಬೇಡ, ಮಗುವಿಗೆ ಬೇಕಾದದ್ದು ಮಾತ್ರ. ಮನೆಯವರನ್ನು ಕೇಳಿಯೇ ಕೊಡಿ.

ಸೋಮವಾರದ ಹುಡುಗನ ಚೀಟಿಯಲ್ಲಿ ನಾನು ಬರೆದದ್ದು ಇಷ್ಟು: "ಅಕ್ಕನನ್ನು ನೋಡಿಕೊಳ್ಳುತ್ತಾನೆ. ಸೋಮವಾರ ತಡವಾಗಬಹುದು, ಬೈಯಬೇಡಿ. ಪ್ಯಾರಾ ಓದುತ್ತಾನೆ, ಒತ್ತಕ್ಷರದಲ್ಲಿ ನಿಲ್ಲುತ್ತಾನೆ. ಲೆಕ್ಕ ಚುರುಕು." ಆ ಟೀಚರು ಅದೇ ಸಂಜೆ ಫೋನ್ ಮಾಡಿದರು. "ಸೋಮವಾರ ಅವನಿಗೆ ಎಷ್ಟು ಗಂಟೆಯ ಬಸ್ಸು ಸಿಗ್ತದೆ ಟೀಚರೇ? ಫಸ್ಟ್ ಪಿರಿಯಡ್ ಗಣಿತ ಉಂಟು, ಅದನ್ನು ಮೂರನೇದಕ್ಕೆ ಹಾಕ್ತೇನೆ."